ಕಥೆಯೊಳಗಿನ ಪ್ರಾಣಿಗಳ ಪರವಾಗಿ ಅಮ್ಮನಲ್ಲಿ ಒಂದು ನಿವೇದನೆ

ಅಮ್ಮಾ, ಮಾರಿಕಾಂಬೆ, ಎಂಟು ಕೈಗಳಲ್ಲಿ ಆಯುಧ ಹಿಡಿದು ಹುಲಿಯನ್ನೇರಿದ ಶಿರಸಿಯ ತಾಯಿ, ನಿನ್ನ ಮುಂದೆ ಹಣ್ಣುಕಾಯಿ ಹಿಡಿದು ನಿಂತವರ ಸಾಲು ಉದ್ದವಿದೆ. ಉಡಿ ತುಂಬುವವರಿದ್ದಾರೆ, ಹರಕೆ ತೀರಿಸುವವರಿದ್ದಾರೆ, ಮಕ್ಕಳ ಕಾಯಿಲೆ ಗುಣವಾಗಲಿ ಎಂದು ಬಂದವರಿದ್ದಾರೆ. ಅವರದ್ದೆಲ್ಲ ಕೇಳಿ ಮುಗಿಸಿದ ಮೇಲೆ ನನ್ನದನ್ನು ಕೇಳು. ನಾನು ಮಕ್ಕಳಿಗೆ ಕಥೆ ಬರೆಯುವವಳು. ನಾನು ತಂದಿರುವುದು ಮನೆಯ ಕಷ್ಟವನ್ನಲ್ಲ. ನಮ್ಮ ಕಥೆಗಳಲ್ಲಿ, ಪದ್ಯಗಳಲ್ಲಿ ನಾವು ತಂದು ಕಟ್ಟಿಹಾಕಿರುವ ಪ್ರಾಣಿಗಳ ಕಷ್ಟವನ್ನು.

ಇದನ್ನು ಸರಸ್ವತಿಯ ಹತ್ತಿರ ಕೇಳಬಹುದಿತ್ತು. ಆದರೆ ಒಂದು ಕಥೆ ಒಂದು ಪ್ರಾಣಿಯ ಕುತ್ತಿಗೆಯವರೆಗೆ ಹೇಗೆ ಬರುತ್ತದೆ ಎಂಬುದು ನಿನಗೆ ಗೊತ್ತಿರುವಷ್ಟು ಅವಳಿಗೆ ಗೊತ್ತಿರಲಾರದು.

ನಿನ್ನ ಹೆಸರಿನಲ್ಲಿ ಹೇಳುವ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಬ್ರಾಹ್ಮಣರ ಮನೆಯ ಹುಡುಗಿ. ಜಾತಿ ಮರೆಸಿ ಅವಳನ್ನು ಮದುವೆಯಾದವನು. ಗುಟ್ಟು ರಟ್ಟಾದ ದಿನ ಅವಳಿಗೆ ಬಂದ ಸಿಟ್ಟು. ಹೆದರಿ ಓಡಿದ ಗಂಡ ಹೋಗಿ ಕೋಣನ ಮೈ ಹೊಕ್ಕಿದ್ದು. ದಕ್ಷಿಣದ ಎಷ್ಟೋ ಊರಿನ ಮಾರಿಯರಿಗೆ ಇದೇ ಕಥೆ, ಅಲ್ಲಿ ಇಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಈ ಒಂದು ಕಥೆ ಎರಡು ಅನ್ಯಾಯಗಳನ್ನು ಒಟ್ಟಿಗೆ ಹೊತ್ತು ತಂದಿತು. ಒಂದು ಜಾತಿಯ ಜನರನ್ನು ಮೋಸಗಾರರೆಂದು ತಲೆಮಾರುಗಟ್ಟಲೆ ತಲೆ ತಗ್ಗಿಸಿ ನಿಲ್ಲಿಸಿತು. ಯಾರಿಗೂ ಮೋಸ ಮಾಡಲು ಬಾರದ ಒಂದು ಪ್ರಾಣಿಯನ್ನು ಅದೇ ಮೋಸದ ಲೆಕ್ಕಕ್ಕೆ ಜಮಾ ಮಾಡಿತು. ಬಲಿಗೆಂದು ಬಿಟ್ಟ ಕೋಣನಿಗೆ ಪಟ್ಟದ ಕೋಣ ಎಂದು ಹೆಸರು. ಪಟ್ಟ ಕಟ್ಟಿದ್ದು ಕಥೆ, ತಲೆ ಕೊಟ್ಟಿದ್ದು ಕೋಣ.

ಆ ಕೋಣನಿಗೆ ತಾನು ಯಾರ ಗಂಡನಾಗಿದ್ದೆನೆಂದು ಗೊತ್ತಿತ್ತೇ, ತಾಯಿ? ಅದಕ್ಕೆ ಗೊತ್ತಿದ್ದದ್ದು ಕೆಸರಿನ ತಂಪು. ಎಮ್ಮೆ ಕೋಣಗಳ ಮೈಯಲ್ಲಿ ಬೆವರಿನ ಗ್ರಂಥಿ ದನಕ್ಕಿಂತ ಕಡಿಮೆ; ಕೂದಲೂ ವಿರಳ; ಬಿಸಿಲು ಏರಿದರೆ ಆ ಕಪ್ಪು ಚರ್ಮ ಸುಡುತ್ತದೆ. ಅದಕ್ಕೇ ಕೆರೆ ಕಂಡರೆ ಇಳಿಯುತ್ತವೆ, ಮೂಗು ಮಾತ್ರ ಮೇಲಿಟ್ಟು ಕಣ್ಣು ಅರೆ ಮುಚ್ಚಿ ಗಂಟೆಗಟ್ಟಲೆ ಮಲಗುತ್ತವೆ. ಇದನ್ನೇ ನಾವು ಸೋಮಾರಿತನ ಎಂದು ಪಾಠದಲ್ಲಿ ಬರೆದೆವು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಗಾದೆ ಮಾಡಿದೆವು. ಯಮನನ್ನು ತಂದು ಅದರ ಬೆನ್ನ ಮೇಲೆ ಕೂರಿಸಿದೆವು. ಅದೇ ಯಲ್ಲಾಪುರದ ಕಾಡಂಚಿನ ಗೌಳಿಗರನ್ನು ನೋಡು. ಅವರ ಬದುಕೆಲ್ಲ ಎಮ್ಮೆಯ ಹಿಂದೆ. ದೀಪಾವಳಿಗೆ ಎಮ್ಮೆಗಳ ಮೈ ತೊಳೆದು, ಸಿಂಗರಿಸಿ, ಕೇಕೆ ಹಾಕಿ ಓಡಿಸುತ್ತಾರೆ. ಅವರ ದೊಡ್ಡಿಯಲ್ಲಿ ಎಮ್ಮೆ ಯಾರ ಪಾಪವನ್ನೂ ಹೊತ್ತಿಲ್ಲ. ಹಾಲು ಕೊಡುತ್ತದೆ, ಹುಲಿಯ ವಾಸನೆ ಬಂದರೆ ಗುಂಪುಗೂಡಿ ಕೊಂಬು ಮುಂದೆ ಮಾಡಿ ನಿಲ್ಲುತ್ತದೆ. ಒಂದೇ ಜಿಲ್ಲೆಯ ಒಂದೇ ಪ್ರಾಣಿಗೆ ಎರಡು ಕಥೆ ಸಿಕ್ಕಿ, ಎರಡು ಹಣೆಬರಹವಾಯಿತು.

ಆಮೇಲೆ ನಿನ್ನ ಅಂಗಳದಲ್ಲೇ ಕಥೆ ಬದಲಾಯಿತು. 1930ರ ದಶಕದಲ್ಲಿ ಗಾಂಧೀಜಿ ಶಿರಸಿಗೆ ಬಂದರು. ಕೋಣನನ್ನು ಕಡಿಯುವ ಗುಡಿಗೆ ತಾನು ಬರಲಾರೆ ಎಂದರೆಂದು ಊರು ಇಂದಿಗೂ ನೆನೆಯುತ್ತದೆ. ಇಲ್ಲಿನ ಗಾಂಧಿವಾದಿಗಳು ಮನೆ ಮನೆ ತಿರುಗಿದರು, ಬಲಿ ನಿಂತಿತು. ಜಾತ್ರೆ ನಿಲ್ಲಲಿಲ್ಲ. ಇಂದಿಗೂ ಎರಡು ವರ್ಷಕ್ಕೊಮ್ಮೆ ನಿನ್ನ ರಥ ಬಿಡಕಿಬೈಲಿಗೆ ಬರುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ, ನೀನು ಗದ್ದುಗೆಯ ಮೇಲೆ ಕೂರುತ್ತೀಯೆ. ನಿನ್ನ ಸತ್ಯ ಕಡಿಮೆಯಾಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ನನಗೆ ನಿನ್ನ ಹತ್ತಿರ ಕೇಳುವ ಧೈರ್ಯ. ರಕ್ತ ಬೇಡವೆಂದ ಮೇಲೂ ದೇವರಾಗಿಯೇ ಉಳಿದವಳು ನೀನು.

ಬನವಾಸಿ ನಿನ್ನ ತಾಲ್ಲೂಕಿನ ಊರು. ವರದೆಯ ದಡ, ಮಧುಕೇಶ್ವರನ ಗುಡಿ. ಆ ನಾಡನ್ನು ನೆನೆದು ಪಂಪ ಕೇಳಿಕೊಂಡದ್ದು ಏನೆಂದು ಕನ್ನಡ ಬಲ್ಲವರಿಗೆಲ್ಲ ಬಾಯಿಗೆ ಬರುತ್ತದೆ: ಅಲ್ಲಿ ಮನುಷ್ಯನಾಗಿ ಹುಟ್ಟುವ ಭಾಗ್ಯವಿಲ್ಲದಿದ್ದರೆ ದುಂಬಿಯಾಗಿಯೋ ಕೋಗಿಲೆಯಾಗಿಯೋ ಅಲ್ಲಿನ ತೋಟದಲ್ಲಿ ಹುಟ್ಟಬೇಕು. 941ರ ಸುಮಾರಿಗೆ ಬರೆದ ಕಾವ್ಯ ಅದು. ಸಾವಿರ ವರ್ಷ ಕಳೆದರೂ ನನಗೆ ಆ ಆಸೆ ಹಳತಾಗಿಲ್ಲ. ಆ ದುಂಬಿಗೆ ಪಂಪ ಯಾವ ನೀತಿಯನ್ನೂ ಕಲಿಸಲಿಲ್ಲ. ಕೂಡಿಟ್ಟು ಬಾಳು ಎಂದು ಅದರ ಬಾಯಲ್ಲಿ ಹೇಳಿಸಲಿಲ್ಲ. ಅದು ಹೂವಿನಿಂದ ಹೂವಿಗೆ ಹೋಗುವುದನ್ನೇ ಸಾಕಾದಷ್ಟು ದೊಡ್ಡ ಬದುಕೆಂದು ತಿಳಿದು, ತನಗೂ ಅದು ಸಿಗಲಿ ಎಂದ. ಯಾವ ಜನ್ಮ ಕೀಳು, ಯಾವುದು ಮೇಲು ಎಂದು ಅಳೆಯುತ್ತಿದ್ದ ಕಾಲದಲ್ಲಿ ಆ ಮಾತು ಬಂತು. ಪ್ರಾಣಿಗಳ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಗೌರವದ ಮಾತು ಬಂದಿದೆಯೆಂದು ನನಗೆ ಅನ್ನಿಸುವುದಿಲ್ಲ.

ಆದರೆ ಅದೇ ಕಾವ್ಯದಲ್ಲಿ ಖಾಂಡವವನವೂ ಉರಿಯುತ್ತದೆ. ವ್ಯಾಸರ ಭಾರತದಿಂದ ಬಂದ ಕಥೆ. ಅಗ್ನಿಗೆ ಹಸಿವು, ಕಾಡಿನ ಎರಡು ಕಡೆ ಕೃಷ್ಣ, ಅರ್ಜುನ, ಉರಿಯಿಂದ ಹೊರಗೆ ಹಾರಿದ್ದನ್ನು ಬಾಣ ಕೆಡವುತ್ತದೆ. ವ್ಯಾಸರಲ್ಲಿ ಉಳಿದವರು ಆರೇ ಜನ: ತಕ್ಷಕನ ಮಗ ಅಶ್ವಸೇನ, ದಾನವ ಮಯ, ಇನ್ನೂ ರೆಕ್ಕೆ ಬಲಿಯದ ನಾಲ್ಕು ಹಕ್ಕಿ ಮರಿಗಳು. ಆ ಮರಿಗಳ ಹತ್ತಿರ ಬಂದಾಗ ವ್ಯಾಸರು ಯುದ್ಧದ ಅಬ್ಬರವನ್ನೆಲ್ಲ ಬದಿಗಿಟ್ಟು ಅಧ್ಯಾಯದ ಮೇಲೆ ಅಧ್ಯಾಯ ನಿಲ್ಲುತ್ತಾರೆ. ತಾಯಿ ಹಕ್ಕಿ ಜರಿತೆ ನಾಲ್ವರನ್ನೂ ಎತ್ತಿಕೊಂಡು ಹಾರಲಾರಳು. ಒಬ್ಬನನ್ನು ಒಯ್ದರೆ ಮೂವರನ್ನು ಬಿಡಬೇಕು. ಇಲಿಯ ಬಿಲದೊಳಗೆ ಹೋಗಿ, ಬಾಯಿಗೆ ಮಣ್ಣು ಮುಚ್ಚುತ್ತೇನೆ ಎನ್ನುತ್ತಾಳೆ. ಇಲಿ ತಿನ್ನುವುದಕ್ಕಿಂತ ಬೆಂಕಿಯೇ ಮೇಲು, ನೀನು ಹಾರಿಹೋಗು, ನಿನಗೆ ಇನ್ನೂ ಮಕ್ಕಳಾದಾರು ಎಂದು ಮರಿಗಳು ಹೇಳುತ್ತವೆ. ಇಷ್ಟು ಕರುಳು ಕಿವುಚುವ ಮಾತು ಆ ದಹನದಲ್ಲಿ ಬೇರೆ ಯಾರ ಬಾಯಲ್ಲೂ ಬರುವುದಿಲ್ಲ.

ಇಲ್ಲಿ ಒಂದು ಮಾತು ಕೇಳಬೇಕು, ತಾಯಿ. ಆ ಮರಿಗಳು ಮಂದಪಾಲನೆಂಬ ಋಷಿಯ ಮಕ್ಕಳು; ಅವನು ಅಗ್ನಿಯನ್ನು ಬೇಡಿಕೊಂಡಿದ್ದ, ಉಳಿದವು. ಋಷಿಯ ಮಕ್ಕಳಲ್ಲದ ಮರಿಗಳು? ಮಾತು ಕೊಡಿಸಲು ಕವಿಗೆ ಪುರುಸೊತ್ತಾಗದ ಜಿಂಕೆ, ಆಮೆ, ಮುಳ್ಳುಹಂದಿ? ಮಾಘ ಫಾಲ್ಗುಣದಲ್ಲಿ ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಒಣಗಿದ ಎಲೆಯ ದರಕು ಮೊಣಕಾಲಿನ ತನಕ ಬಿದ್ದಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಬೆಂಕಿ ಕಂಡವರು ಹಸಿ ಸೊಪ್ಪಿನ ಗೊಂಚಲು ಹಿಡಿದು ಓಡುತ್ತಾರೆ, ಬಡಿಯುತ್ತಾರೆ, ಮುಂದಿನ ದರಕು ಗುಡಿಸಿ ಬೆಂಕಿಗೆ ದಾರಿ ತಪ್ಪಿಸುತ್ತಾರೆ. ಮರುದಿನ ಆ ಬೂದಿಯಲ್ಲಿ ನಡೆದರೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಒಡೆದು ಕಪ್ಪಾಗಿ ಬಿದ್ದಿರುತ್ತವೆ. ಜರಿತೆಯ ಕಥೆಯನ್ನು ನಾನು ಮಕ್ಕಳಿಗೆ ಹೇಳುವಾಗ ಈ ಮೊಟ್ಟೆಗಳಿಗೂ ಅದರಲ್ಲಿ ಜಾಗ ಸಿಗುವಂತೆ ಮಾಡು. ಯಾರ ಮಕ್ಕಳೂ ಅಲ್ಲದ ಕಾರಣಕ್ಕೆ ಅವು ಕಥೆಯಿಂದ ಹೊರಗೆ ಬೀಳದಿರಲಿ.

ಈಗ ಹುಲಿಯ ಮಾತು, ಹುಲಿ ನಿನ್ನದೇ ಅಲ್ಲವೇ. ಗೋವಿನ ಹಾಡನ್ನು ಓದದೆ, ಹಾಡದೆ ಕನ್ನಡ ಶಾಲೆ ದಾಟಿದವರಿಲ್ಲ. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು, ಮಾತಿಗೆ ತಪ್ಪದೆ ಹುಲಿಯ ಗವಿಗೆ ಮರಳುವಾಗ ಅಳದ ಮಗುವಿಲ್ಲ. ನಾನೂ ಅತ್ತಿದ್ದೇನೆ, ನನ್ನ ತರಗತಿಯ ಮಕ್ಕಳೂ ಅಳುತ್ತಾರೆ. ಆ ಅಳು ಬೇಕು, ಅದನ್ನು ಯಾರೂ ಕಸಿಯದಿರಲಿ. ಹುಲಿಗೂ ಒಂದು ಹೃದಯವಿದೆಯೆಂದು ಹೇಳಿದ ಹಾಡು ಅದು, ಅದು ಸಣ್ಣ ಮಾತಲ್ಲ. ಆದರೂ ಹಾಡಿನ ಕೊನೆಗೆ ಪಶ್ಚಾತ್ತಾಪಪಟ್ಟ ಹುಲಿ ಪ್ರಾಣ ಬಿಡುತ್ತದೆ. ಕೆಟ್ಟದಾಗಿ ಬದುಕಬೇಕು, ಒಳ್ಳೆಯದಾದರೆ ಸಾಯಬೇಕು. ಮಾಂಸ ತಿನ್ನುವ ಪ್ರಾಣಿಯಾಗಿಯೇ ಬದುಕಿಕೊಂಡು ಹೋಗಲು ಅರ್ಭುತನೆಂಬ ಆ ಹುಲಿಗೆ ಅಲ್ಲಿ ದಾರಿಯಿಲ್ಲ.

ಆ ದಾರಿಯನ್ನು ಬಿಟ್ಟುಕೊಟ್ಟವರು ಪದ್ಯ ಬರೆಯುವವರಲ್ಲ, ದನ ಕಟ್ಟುವವರು. ದೊಡ್ಡಹಬ್ಬದ ಬಲಿಪಾಡ್ಯಮಿಯ ದಿನ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಗೋಪೂಜೆ ಆಗುತ್ತದೆ. ದನಗಳ ಕೊರಳಿಗೆ ಅಡಿಕೆ, ಪಚ್ಚೆತೆನೆ ಪೋಣಿಸಿದ ಸರ, ಮೈಗೆ ಶೇಡಿಯ ಗುರುತು. ಅದೇ ದಿನ ಬೆಟ್ಟದ ಅಂಚಿನ ಹುಲಿಯಪ್ಪನಿಗೂ ಕಾಯಿ ಒಡೆಯುತ್ತಾರೆ. ಹುಲಿಯಪ್ಪನೆಂದರೆ ಕೆಲವು ಕಡೆ ಹುಲಿಯ ಆಕಾರ ಕೊರೆದ ಕಲ್ಲು, ಕೆಲವು ಕಡೆ ಬರೀ ಕಲ್ಲು. ಮೇಲೆ ಚಾವಣಿಯಿಲ್ಲ. ವರ್ಷವಿಡೀ ಪಾಚಿ ಕಟ್ಟಿಕೊಂಡು, ಅರ್ಧ ಸೊಪ್ಪಿನಲ್ಲಿ ಮುಚ್ಚಿಹೋಗಿ ಕೂತಿರುತ್ತದೆ. ಹಬ್ಬದ ದಿನ ಯಾರೋ ಕತ್ತಿ ಹಿಡಿದು ಸುತ್ತಲಿನ ಗಿಡ ಸವರುತ್ತಾರೆ, ಪಾಚಿ ಕೆರೆದು ನೀರು ಹಾಕುತ್ತಾರೆ, ಕುಂಕುಮ ಹಚ್ಚುತ್ತಾರೆ, ಹೂ ಇಟ್ಟು ಕಾಯಿ ಒಡೆಯುತ್ತಾರೆ. ಕೇಳಿಕೊಳ್ಳುವುದು ಇಷ್ಟೇ, ನಮ್ಮ ದನಕರುಗಳನ್ನು ಕಾಪಾಡು ಎಂದು. ಕಾಪಾಡು ಎಂದು ಕೇಳುವುದು ದನವನ್ನು ಹಿಡಿಯಬಲ್ಲವನನ್ನೇ. ಹುಲ್ಲು ತಿನ್ನು ಎಂದು ಯಾರೂ ಅವನಿಗೆ ಹೇಳುವುದಿಲ್ಲ, ನಾಚಿಕೊಂಡು ಸಾಯಿ ಎನ್ನುವುದಿಲ್ಲ. ಕೊಟ್ಟಿಗೆಯ ಹಸುವಿಗೂ ಪೂಜೆ, ಅದನ್ನು ಹಿಡಿಯುವವನಿಗೂ ಪೂಜೆ, ಒಂದೇ ಬೆಳಿಗ್ಗೆ, ಒಂದೇ ಮನೆಯವರಿಂದ. ಹಸು ಕಳೆದುಕೊಂಡು ಅತ್ತವರು ಕಟ್ಟಿಕೊಂಡ ತಿಳುವಳಿಕೆ ಇದು. ದನ ಹೋದ ಮನೆಯವರ ಮುಂದೆ ಹುಲಿಯ ಚೆಲುವಿನ ಬಗ್ಗೆ ಪದ್ಯ ಓದುವುದು ಕಟುಕತನವಾದೀತು. ಹುಲಿಯನ್ನು ದುಷ್ಟ ಎಂದು ಬೈದು ಬರೆಯುವುದು ಸುಳ್ಳಾದೀತು. ಹುಲಿಯಪ್ಪನ ಪೂಜೆಯಲ್ಲಿ ಇವೆರಡೂ ಇಲ್ಲ. ಯಲ್ಲಾಪುರದಾಚೆ ದಾಂಡೇಲಿ, ಅಣಶಿ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಸರ್ಕಾರ ನಕ್ಷೆ ಬರೆಯುವ ಎಷ್ಟೋ ಮೊದಲೇ ನಮ್ಮವರು ಕಲ್ಲು ನೆಟ್ಟು ಹುಲಿಯ ಹಕ್ಕನ್ನು ಒಪ್ಪಿಕೊಂಡಿದ್ದರು. ಆ ಕಲ್ಲು ನೆಟ್ಟವರ ಮನಸ್ಸು ನನ್ನ ಕಥೆಗೂ ಬರಲಿ.

ಕನ್ನಡದಲ್ಲಿ ಅಂಥ ಮನಸ್ಸಿನವರು ಇಲ್ಲದೇ ಇಲ್ಲ. ಕುವೆಂಪು ತಮ್ಮ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ಮನುಷ್ಯ ಪಾತ್ರಗಳ ಸಾಲಿನಲ್ಲೇ ನಿಲ್ಲಿಸಿದರು. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅಷ್ಟು ಜನ ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಯಾರ ಕೈಗೂ ಸಿಗದೆ ಹಾರಿಹೋಗುತ್ತದೆ, ಲೇಖಕರು ಅದನ್ನು ಹೋಗಲು ಬಿಡುತ್ತಾರೆ. ಆ ಓತಿ ನಮ್ಮ ಅಡಿಕೆ ತೋಟದ್ದೇ. ಮರದ ಬೂದು ಬಣ್ಣಕ್ಕೆ ಅಂಟಿ ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಗಂಡು ಗಂಟಲಡಿಯ ಹಳದಿ ಚೀಲವನ್ನು ಒಮ್ಮೆ ಚಾಚಿ ಮಡಚಿದಾಗಲೇ ಅಲ್ಲೊಂದು ಜೀವವಿದೆ ಎಂದು ಗೊತ್ತಾಗುವುದು. ಇರುವೆ ಹಿಡಿಯುತ್ತ ಮೇಲೆ ಮೇಲೆ ಹೋಗಿ, ತುದಿಯಿಂದ ಪಕ್ಕೆಲುಬಿನ ಪೊರೆ ಬಿಚ್ಚಿ ತೇಲಿ, ಮುಂದಿನ ಮರದ ನಡುವಿಗೆ ಬಂದು ಕಚ್ಚಿಕೊಳ್ಳುತ್ತದೆ, ಮತ್ತೆ ಮೇಲಕ್ಕೆ. ಮರದಿಂದ ಮರಕ್ಕೆ ಜಿಗಿದು ಕೊನೆ ಕೊಯ್ಯುವ ಕೊನೆಗೌಡರಿಗೆ ಇದು ದಿನದ ಜೊತೆಗಾರ. ಅದರ ಬಗ್ಗೆ ಗಾದೆಯಿಲ್ಲ, ನೀತಿಕಥೆಯಿಲ್ಲ. ಗಾದೆಯಿಲ್ಲದ ಪ್ರಾಣಿಯ ಪುಣ್ಯ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಬಾವಲಿಗೆ ಆ ಪುಣ್ಯವಿಲ್ಲ. ಹಕ್ಕಿಗಳೂ ಮೃಗಗಳೂ ಜಗಳವಾಡಿದಾಗ ಗೆದ್ದವರ ಕಡೆ ಸೇರುತ್ತಿತ್ತೆಂದು ಹಳೆಯ ಕಥೆ ಅದನ್ನು ದ್ರೋಹಿ ಮಾಡಿತು. ತಲೆಕೆಳಗಾಗಿ ನೇತಾಡುವುದೇ ಶಿಕ್ಷೆ ಎಂದಿತು. ಹಾಗಿರುವಾಗ ಸಿದ್ದಾಪುರದ ತಮ್ಮಣ್ಣ ಬೀಗಾರರು ಮಕ್ಕಳಿಗಾಗಿ ಬರೆದ ಕಾದಂಬರಿಗೆ ‘ಬಾವಲಿ ಗುಹೆ’ ಎಂದು ಹೆಸರಿಟ್ಟರು, 2022ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ನಮ್ಮ ಸೀಮೆಯ ಮಕ್ಕಳ ಪುಸ್ತಕದ ಮುಖಪುಟಕ್ಕೆ ಬಾವಲಿ ಬಂದದ್ದು ಕಂಡು ನನಗೆ ಆದ ಸಂತೋಷವನ್ನು ನಿನ್ನಲ್ಲಿ ಹೇಳಿಕೊಳ್ಳದೆ ಇನ್ನಾರಲ್ಲಿ ಹೇಳಲಿ.

ಮರಗಳ ಬಗ್ಗೆ ಹೆಚ್ಚು ಬೇಡುವುದಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಾಡಿಗೆ ಹೋಗಿ ಕೊಡಲಿಗೆ ಅಡ್ಡವಾಗಿ ಮರ ಅಪ್ಪಿಕೊಂಡ ಜನ ಇದ್ದಾರೆ; ಆ ಅಪ್ಪಿಕೋ ಚಳವಳಿಯ ಹಾಡು, ಬೀದಿನಾಟಕ, ಪಾದಯಾತ್ರೆಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮರಕ್ಕೆ ಮಾತು ಕೊಡುವ ಕೆಲಸ ಅವರಿಂದ ಆಗಿದೆ.

ಇನ್ನು ಉಳಿದದ್ದು ಮಂಗ. ಇದನ್ನು ಕೇಳುವುದು ನನಗೆ ಎಲ್ಲಕ್ಕಿಂತ ಕಷ್ಟ.

ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಂಪತ್ರೆಯ ಜಡ್ಡಿಗಳಿವೆ. ನಿಂತ ನೀರು, ಕೆಸರಿನಿಂದ ಮೊಣಕಾಲು ಎತ್ತಿ ನಿಂತ ಬೇರುಗಳು, ಮಧ್ಯಾಹ್ನವೂ ಬಿಸಿಲು ಕಾಣದ ನೆಲ. ಮೇಲೆ ನೋಡಿದರೆ ಮೊದಲು ಏನೂ ಕಾಣುವುದಿಲ್ಲ. ಸಿಪ್ಪೆ ಬೀಳುವ ಸದ್ದು ಬರುತ್ತದೆ. ಆಮೇಲೆ ಒಂದು ಕಪ್ಪು ಮೈ, ಮುಖದ ಸುತ್ತ ಬೂದು ಬಿಳುಪಿನ ಕೇಸರ, ತುದಿಗೆ ಕುಚ್ಚಿರುವ ಬಾಲ. ಸಿಂಗಳೀಕ. ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ಒಡೆಯುತ್ತದೆ, ಒಳಗಿನದನ್ನು ಕೆನ್ನೆಯ ಚೀಲಕ್ಕೆ ತುಂಬುತ್ತದೆ, ಕೆನ್ನೆ ಉಬ್ಬಿದ ಮುಖದಲ್ಲೇ ಕೆಳಗೆ ಒಮ್ಮೆ ನೋಡಿ ಒಳಸರಿಯುತ್ತದೆ. ನೆಲಕ್ಕೆ ಇಳಿಯುವುದೇ ಅಪರೂಪ. ಈ ಜಾತಿಯ ನೆಲೆಗೆ ಉತ್ತರದ ಎಲ್ಲೆ ನಮ್ಮ ಸೀಮೆಯೇ. ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡು 2011ರಲ್ಲಿ ಇದಕ್ಕಾಗಿ ಮೀಸಲಾಯಿತು. ಉಪ್ಪಾಗೆ ಹಣ್ಣು ಅದಕ್ಕೂ ಬೇಕು, ಒಣಗಿಸಿ ಮಾರುವ ನಮ್ಮವರಿಗೂ ಬೇಕು. ರಾಮಾಯಣದಲ್ಲಿ ಎಲ್ಲ ಕೋತಿಗಳಿಗೂ ಸೇರಿ ಒಂದೇ ಸೈನ್ಯ. ಸಿಂಗಳೀಕಕ್ಕೆ ಅದರದೇ ಆದ ಒಂದು ಕಥೆಯಿಲ್ಲ.

ಹಾಗೆಂದು ಅದಕ್ಕೊಂದು ಮುದ್ದಾದ ಕಥೆ ಬರೆದು ಕೈತೊಳೆದುಕೊಳ್ಳಲು ಸಾಧ್ಯವಿಲ್ಲ. ಅದರ ನೆಂಟರಾದ ಮುಸುವ, ಕೆಂಪು ಮಂಗಗಳು ತೋಟಕ್ಕೆ ಇಳಿದರೆ ಬಾಳೆ, ಏಲಕ್ಕಿ, ಎಳೆ ಅಡಿಕೆ ಯಾವುದೂ ಉಳಿಯುವುದಿಲ್ಲ. ವರ್ಷದ ಬೆಳೆ ಕಣ್ಣೆದುರೇ ಹೋದವರು ನಿನ್ನ ಸಾಲಿನಲ್ಲೇ ನಿಂತಿದ್ದಾರೆ. ಅದಕ್ಕಿಂತ ದೊಡ್ಡ ದುಃಖ ಕಾಯಿಲೆಯದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡದ್ದನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಅದಕ್ಕೆ ಜೀವಗಳು ಹೋದವು. ದರಕು ತರಲು, ಕಟ್ಟಿಗೆ ತರಲು ಬೆಟ್ಟಕ್ಕೆ ಹೋಗಿ ಬಂದವರು ಜ್ವರ ಹಿಡಿದು ಮಲಗುತ್ತಾರೆ. ರೋಗ ಹರಡುವುದು ಉಣುಗು, ಎಳ್ಳಿನಷ್ಟಿರುವ ಅದರ ಮರಿ. ಮಂಗವೂ ಅದೇ ಉಣುಗಿನಿಂದ, ಅದೇ ಜ್ವರದಿಂದ ಸಾಯುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗು ಆ ಜಾಗವನ್ನೇ ವಿಷ ಮಾಡುತ್ತದೆ. ಆದರೆ ಕಾಯಿಲೆಯ ಭಯವೆಲ್ಲ ಹೋಗಿ ಕೂತಿರುವುದು ಮಂಗದ ಮೇಲೆ. ಅಮ್ಮಾ, ನಿನ್ನ ಕೋಣನಿಗೆ ಆದದ್ದೇ ಇದು. ಕಾಣದ ಕೇಡಿಗೆ ಕಾಣುವ ಮೈಯೊಂದು ಬೇಕಾಗುತ್ತದೆ, ಸಿಕ್ಕಿದ ಮೈಗೆ ಕಲ್ಲು ಬೀಳುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಸಿದ್ದಾಪುರ ತಾಲ್ಲೂಕಿನ ಶಾಲೆಯ ಮಕ್ಕಳಿಗಾಗಿ ಒಂದು ಕಥೆ ಬರೆಯಬೇಕಾಗಿದೆ. ಅದರಲ್ಲಿ ಅಜ್ಜಿಯನ್ನು ಕಳೆದುಕೊಂಡ ಮನೆ ಇರಬೇಕು, ಮರಿಯನ್ನು ಕಳೆದುಕೊಂಡ ಮುಸುವವೂ ಇರಬೇಕು, ಒಬ್ಬರ ದುಃಖ ಇನ್ನೊಬ್ಬರದನ್ನು ಮುಚ್ಚಬಾರದು. ಮುಸುವ ಮನುಷ್ಯರ ಹಾಗೆ ಮಾತಾಡಬಾರದು, ಮಾತಾಡದೆಯೂ ಮಕ್ಕಳಿಗೆ ಅರ್ಥವಾಗಬೇಕು. ಅಷ್ಟು ಶಕ್ತಿ ನನ್ನ ಕೈಗೆ ಕೊಡು. ಉಣುಗಿನ ಮರಿಯನ್ನು ಅದರ ಎಂಟು ಕಾಲು, ಕಡ್ಡಿಯ ತುದಿಯಲ್ಲಿ ಅದು ಕಾಯುವ ರೀತಿ ಸಹಿತ ನಿಖರವಾಗಿ ಬರೆಯಿಸು, ಅದನ್ನೂ ರಾಕ್ಷಸ ಮಾಡದಂತೆ ನೋಡಿಕೋ. ಬೆಟ್ಟಕ್ಕೆ ಹೋಗುವ ಮುಂಚೆ ಆಶಾ ಕಾರ್ಯಕರ್ತೆ ಕೊಟ್ಟ ಡೇಪಾ ಎಣ್ಣೆಯನ್ನು ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚುವ ಹುಡುಗಿಯೊಬ್ಬಳು ಆ ಕಥೆಯಲ್ಲಿ ಬರಲಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಅವಳು ಹತ್ತಿರ ಹೋಗದೆ ಓಡಿಬಂದು ದೊಡ್ಡವರಿಗೆ, ದೊಡ್ಡವರು ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಬದುಕಿರುವ ಮಂಗ ಕಂಡರೆ, ಅವಳ ತಮ್ಮ ಎತ್ತಿಕೊಂಡ ಕಲ್ಲನ್ನು ಅವಳು ಬೈಯದೆ, ಕಾರಣ ಹೇಳಿ ಕೆಳಗೆ ಹಾಕಿಸಲಿ. ಆ ಕಾರಣವನ್ನು ಒಂಬತ್ತು ವರ್ಷದ ಮಗುವಿಗೆ ಹೇಳುವ ಮಾತು ನನಗಿನ್ನೂ ಸಿಕ್ಕಿಲ್ಲ, ತಾಯಿ. ಶಾಲೆ ತೆರೆಯುವುದರೊಳಗೆ ಅದನ್ನು ದಯಪಾಲಿಸು.